ಅಂತಃಸಾಕ್ಷಿ ಎಂಬ ಮಾತು ನಮ್ಮ ಚರ್ಚೆಗೆ ಬಂದ ಬಗೆ

ಮೈಸೂರಿನ ಸರಸ್ವತಿಪುರಂನಲ್ಲಿರುವ ನಮ್ಮ ಮನೆಯ ಮಹಡಿ ಕೋಣೆಯಲ್ಲಿ ಪ್ರತಿ ತಿಂಗಳ ಎರಡನೆಯ ಭಾನುವಾರ ಸಂಜೆ, ದೇವರನ್ನು ನಂಬದ ಹತ್ತು ಹನ್ನೆರಡು ಮಂದಿ ಸೇರುತ್ತೇವೆ. ಇದು ಆರಂಭವಾದದ್ದು 2015ರ ಕೊನೆಯಲ್ಲಿ. ಆ ವರ್ಷದ ಆಗಸ್ಟ್ 30ರಂದು ಧಾರವಾಡದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆಯಲ್ಲೇ ಗುಂಡಿಕ್ಕಿ ಕೊಂದ ಸುದ್ದಿ ಬಂದಾಗ, ಪದವಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರದ ಪಾಠ ಮಾಡುತ್ತಿದ್ದ ನನ್ನನ್ನು ಒಂದು ವಿಚಾರ ಬಹಳ ಬಾಧಿಸಿತು. ಅಷ್ಟು ವರ್ಷ ತರಗತಿಯೊಳಗೆ ಜಾತ್ಯತೀತತೆಯ ಕುರಿತು ಹೇಳಿಕೊಟ್ಟದ್ದನ್ನು ನಾನು ತರಗತಿಯ ಹೊರಗೆ ಒಮ್ಮೆಯೂ ಬಾಯಿ ಬಿಟ್ಟು ಹೇಳಿರಲಿಲ್ಲ. ನಾನು ನಾಸ್ತಿಕಳೆಂಬುದು ನನ್ನ ಸಹೋದ್ಯೋಗಿಗಳಲ್ಲಿ ಹೆಚ್ಚಿನವರಿಗೆ ತಿಳಿದಿರಲೂ ಇಲ್ಲ. ಪರಿಚಯದ ನಾಲ್ವರಿಗೆ ದೂರವಾಣಿ ಮಾಡಿ ಮನೆಗೆ ಕರೆದೆ. ಅವರು ಮತ್ತೆ ನಾಲ್ವರನ್ನು ಕರೆತಂದರು.

ಮೊದಲ ಆರೇಳು ತಿಂಗಳು ನಾವು ಆಡಿದ ಮಾತುಗಳಿಂದ ಯಾರಿಗೂ ಏನೂ ದಕ್ಕಲಿಲ್ಲ ಎಂದೇ ಈಗ ಅನಿಸುತ್ತದೆ. ದೇವರಿಲ್ಲವೆಂದು ಒಪ್ಪಿಕೊಂಡೇ ಬಂದವರು ದೇವರಿಲ್ಲವೆಂದು ಒಬ್ಬರಿಗೊಬ್ಬರು ರುಜುವಾತು ಮಾಡುತ್ತಿದ್ದೆವು. ಸಾರ್ವಜನಿಕ ಬದುಕಿನ ಪ್ರಶ್ನೆ ಬಂದಾಗ ಮಾತ್ರ ನಮ್ಮ ನಡುವಿನ ಒಮ್ಮತ ಒಡೆಯುತ್ತಿತ್ತು. ಅದನ್ನು ಮೊದಲು ಒಡೆದು ತೋರಿಸಿದವರು ಅಶೋಕಪುರಂನಿಂದ ಬರುವ ಗೆಳೆಯರು. ಅವರದು ಅಂಬೇಡ್ಕರ್ ವಿಚಾರಗಳನ್ನು ಒಪ್ಪಿದ ಬೌದ್ಧ ಕುಟುಂಬ. ದೇವಸ್ಥಾನದಿಂದ ದೂರ ಇರುವುದು ನಿಮಗೆ ನೀವೇ ಮಾಡಿಕೊಂಡ ಆಯ್ಕೆ, ನಮ್ಮ ತಾತನನ್ನು ಅದರ ಬಾಗಿಲಲ್ಲೇ ತಡೆದಿದ್ದರು, ಆದ್ದರಿಂದ ಹಿಂದೂ ದೇವಾಲಯಗಳನ್ನು ಎಲ್ಲ ವರ್ಗದವರಿಗೂ ತೆರೆಯಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿರುವ 25ನೇ ವಿಧಿಯ ಎರಡನೆಯ ಖಂಡ ನನಗೆ ಮುಖ್ಯ, ಸರ್ಕಾರ ಧರ್ಮದ ವಿಷಯಕ್ಕೆ ಕೈ ಹಾಕಲೇಬಾರದೆಂಬ ನಿಮ್ಮ ವಾದವನ್ನು ನಾನು ಒಪ್ಪಲಾರೆ ಎಂದು ಅವರು ಹೇಳಿದ ದಿನ ಕೋಣೆಯಲ್ಲಿ ಬಹಳ ಹೊತ್ತು ಮೌನವಿತ್ತು. ಮುಂದಿನ ತಿಂಗಳು ಉದಯಗಿರಿಯಿಂದ ಬರುವ ಗೆಳೆಯರು ಇನ್ನೊಂದು ಮಾತು ಸೇರಿಸಿದರು. ಮುಸ್ಲಿಂ ಮನೆಯಲ್ಲಿ ಹುಟ್ಟಿದ ಅವರು ನಂಬಿಕೆ ಬಿಟ್ಟು ಇಪ್ಪತ್ತು ವರ್ಷಗಳಾಗಿವೆ. ಆದರೂ ಬಾಡಿಗೆ ಮನೆ ಕೇಳಲು ಹೋದಾಗ ಅವರ ನಾಸ್ತಿಕತೆಯನ್ನು ಯಾರೂ ಕೇಳುವುದಿಲ್ಲ, ಹೆಸರನ್ನಷ್ಟೇ ಕೇಳುತ್ತಾರೆ. ಮೊಹಲ್ಲಾದ ಒಳಗೆ ಅದನ್ನು ಹೇಳಿಕೊಂಡರೆ ಅವರು ತೆರಬೇಕಾದ ಬೆಲೆಯೂ ನಾನು ತೆರುವ ಬೆಲೆಯೂ ಒಂದೇ ಅಲ್ಲ. ಈ ಎರಡು ಸಂಜೆಗಳ ಬಳಿಕ ನಾನು ಒಂದು ಪದ್ಧತಿ ಮಾಡಿದೆ. ದೇವರ ಅಸ್ತಿತ್ವವನ್ನು ಚರ್ಚೆಗೆ ಎತ್ತಿಕೊಳ್ಳುವುದಿಲ್ಲ. ಪ್ರತಿ ಬಾರಿಯೂ ನಮ್ಮಲ್ಲೊಬ್ಬರು ತಮ್ಮ ಬದುಕಿನಲ್ಲೇ ನಡೆದ ಒಂದು ಪ್ರಸಂಗವನ್ನು ಮುಂದಿಡಬೇಕು, ಅದಕ್ಕೆ ಸಂಬಂಧಿಸಿದ ಸಂವಿಧಾನದ ವಿಧಿಯನ್ನೋ ಕಾಯ್ದೆಯ ಕಲಮನ್ನೋ ಎಲ್ಲರೂ ಓದಿಕೊಂಡು ಬರಬೇಕು.

ಹಾಗೆ ಓದಲು ಕುಳಿತಾಗ ಮೊದಲು ಎದುರಾದ ತೊಡಕು ನಮ್ಮ ಭಾಷೆಯದೇ ಆಗಿತ್ತು. 1976ರ 42ನೇ ತಿದ್ದುಪಡಿಯಿಂದ ಪೀಠಿಕೆಗೆ ಸೇರಿದ ಪದಕ್ಕೆ ಕನ್ನಡದಲ್ಲಿ ‘ಜಾತ್ಯತೀತ’ ಎಂಬ ರೂಪವೂ ‘ಸರ್ವಧರ್ಮ ಸಮಭಾವದ’ ಎಂಬ ರೂಪವೂ ಬಳಕೆಯಲ್ಲಿವೆ. ಎರಡೂ ಒಂದೇ ಎಂದು ನಾನು ತರಗತಿಯಲ್ಲಿ ಹೇಳುತ್ತಾ ಬಂದಿದ್ದೆ. ಸರ್ವಧರ್ಮಗಳಲ್ಲಿ ಸಮಭಾವವಿರುವ ದೇಶದಲ್ಲಿ ಯಾವ ಧರ್ಮವೂ ಇಲ್ಲದವರ ಜಾಗ ಎಲ್ಲಿ ಎಂದು ನಮ್ಮ ಬಳಗದ ಕಿರಿಯ ಶಿಕ್ಷಕಿಯೊಬ್ಬಳು ಕೇಳಿದಾಗ ನನ್ನ ಬಳಿ ಸಿದ್ಧ ಉತ್ತರವಿರಲಿಲ್ಲ. ಉತ್ತರ ಸಿಕ್ಕಿದ್ದು ಪೀಠಿಕೆಯಲ್ಲಲ್ಲ, 25ನೇ ವಿಧಿಯ ಮೊದಲ ಸಾಲಿನಲ್ಲಿ. ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಸಾರ ಮಾಡುವ ಹಕ್ಕನ್ನು ಹೇಳುವ ಮುಂಚೆಯೇ ಆ ವಿಧಿ ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು ಹೇಳುತ್ತದೆ, ಎಲ್ಲ ವ್ಯಕ್ತಿಗಳೂ ಅದಕ್ಕೆ ಸಮಾನವಾಗಿ ಹಕ್ಕುಳ್ಳವರು ಎನ್ನುತ್ತದೆ. ಇಪ್ಪತ್ತೈದು ವರ್ಷ ಪಾಠ ಮಾಡಿದ್ದ ಆ ಸಾಲು ಅಂದು ಮೊದಲ ಬಾರಿಗೆ ನನ್ನ ಕುರಿತಾಗಿಯೂ ಬರೆದದ್ದೆಂದು ಅನಿಸಿತು.

ಸಂವಿಧಾನ ಸಭೆಯ ನಡಾವಳಿಯನ್ನು ಓದಿದ ತಿಂಗಳು ಇನ್ನಷ್ಟು ಧೈರ್ಯ ಬಂತು. 1949ರ ಅಕ್ಟೋಬರ್ 17ರಂದು ಎಚ್.ವಿ. ಕಾಮತ್ ಅವರು ಪೀಠಿಕೆಯನ್ನು ದೇವರ ಹೆಸರಿನಿಂದ ಆರಂಭಿಸಬೇಕೆಂದು ತಿದ್ದುಪಡಿ ತಂದರು, ಮತಕ್ಕೆ ಹಾಕಿದಾಗ ಪರವಾಗಿ 41, ವಿರುದ್ಧವಾಗಿ 68 ಮತಗಳು ಬಂದವು. ವಿರುದ್ಧ ಮಾತನಾಡಿದವರಲ್ಲಿ ಹೃದಯನಾಥ ಕುಂಜ್ರು ಒಬ್ಬರು. ಅವರ ಆಕ್ಷೇಪ ದೇವರ ಬಗ್ಗೆ ಆಗಿರಲಿಲ್ಲ, ವ್ಯಕ್ತಿಯ ಮನಸ್ಸಿಗೆ ಬಿಡಬೇಕಾದ ನಂಬಿಕೆಯನ್ನು ಎಲ್ಲರ ಮೇಲೂ ಹೇರುವುದರ ಬಗ್ಗೆ ಆಗಿತ್ತು. ದೇವರ ಹೆಸರು ಪೀಠಿಕೆಗೆ ಬಾರದೆ ಹೋದದ್ದು ನಾಸ್ತಿಕರ ಬಲದಿಂದಲ್ಲ, ಹೇರಿಕೆಯನ್ನು ಒಪ್ಪದವರ ಮತದಿಂದ. ಇದನ್ನು ತಿಳಿದ ಮೇಲೆ ನಾವು ಎದುರಾಳಿಗಳೆಂದು ಯಾರನ್ನು ಎಣಿಸಿದ್ದೆವೋ ಅವರಲ್ಲಿ ಅನೇಕರು ನಮ್ಮ ಜೊತೆಗಾರರಾಗಬಲ್ಲರೆಂಬ ಯೋಚನೆ ಶುರುವಾಯಿತು.

ನಾನೇ ಮುಂದಿಟ್ಟ ಮೊದಲ ಪ್ರಸಂಗ ನ್ಯಾಯಾಲಯದ್ದು. ನನ್ನ ಊರು ಮಂಡ್ಯ ಜಿಲ್ಲೆಯ ಮದ್ದೂರಿನ ಬಳಿ. ದಾಯಾದಿಗಳ ಜಮೀನು ಭಾಗದ ಮೊಕದ್ದಮೆಯೊಂದರಲ್ಲಿ ಸಾಕ್ಷಿ ಹೇಳಲು ಹೋಗಿದ್ದೆ. ಕಟಕಟೆಯಲ್ಲಿ ನಿಂತಾಗ ಸಿಬ್ಬಂದಿಯೊಬ್ಬರು ರೂಢಿಯಂತೆ ದೇವರ ಹೆಸರಿನಲ್ಲಿ ಪ್ರಮಾಣ ಬೋಧಿಸಿದರು. ನಾನು ಸತ್ಯನಿಷ್ಠೆಯಿಂದ ಪ್ರಮಾಣೀಕರಿಸುತ್ತೇನೆ ಎಂದು ಕೇಳಿಕೊಂಡೆ. ಅವರಿಗೆ ಅರ್ಥವಾಗದೆ ಮತ್ತೊಮ್ಮೆ ಅದನ್ನೇ ಬೋಧಿಸಿದರು. 1969ರ ಪ್ರಮಾಣಗಳ ಕಾಯ್ದೆಯ 5ನೇ ಕಲಮಿನ ಪ್ರಕಾರ ಪ್ರಮಾಣದ ಬದಲು ದೃಢೀಕರಣ ಮಾಡಲು ಸಾಕ್ಷಿಗೆ ಅವಕಾಶವಿದೆಯೆಂದು ನಾನು ನ್ಯಾಯಾಧೀಶರಿಗೆ ವಿನಯದಿಂದಲೇ ಹೇಳಿದೆ. ಅವರು ತಕ್ಷಣ ಒಪ್ಪಿದರು, ಇಡೀ ವ್ಯವಹಾರ ಎರಡು ನಿಮಿಷವನ್ನೂ ತೆಗೆದುಕೊಳ್ಳಲಿಲ್ಲ. ಹೊರಗೆ ಬಂದಾಗ ನನ್ನ ಅವ್ವ ಮಾತ್ರ ಮುಖ ಕೊಟ್ಟು ಮಾತನಾಡಲಿಲ್ಲ. ದೇವರ ಮೇಲೆ ಆಣೆ ಇಡದ ಮಗಳ ಸಾಕ್ಷಿಯನ್ನು ಊರವರು ಸುಳ್ಳೆಂದುಕೊಳ್ಳುತ್ತಾರೆ ಎಂಬುದು ಅವಳ ಸಂಕಟ. ಬಸ್ಸಿನಲ್ಲಿ ಅವಳಿಗೆ ವಿವರಿಸಿದೆ. ನಂಬದ ದೇವರ ಮೇಲೆ ಆಣೆ ಇಟ್ಟಿದ್ದರೆ ಅದೇ ಸುಳ್ಳಾಗುತ್ತಿತ್ತಲ್ಲವೇ ಎಂದಾಗ ಅವಳು ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡುತ್ತಿದ್ದು, “ಅದೂ ದಿಟವೇ ಕಣವ್ವ” ಎಂದಳು.

ಈ ಹಕ್ಕಿನ ಇತಿಹಾಸವನ್ನು ಹುಡುಕುತ್ತಾ ಹೋದಾಗ ಸಿಕ್ಕಿದ ಸಂಗತಿ ನಮ್ಮ ಇಡೀ ಚರ್ಚೆಯ ದಿಕ್ಕನ್ನು ಬದಲಿಸಿತೆಂದರೆ ತಪ್ಪಾಗದು. ಇಂಗ್ಲೆಂಡಿನಲ್ಲಿ ಆಣೆ ಇಡದೆ ದೃಢೀಕರಿಸುವ ಅವಕಾಶವನ್ನು ಕಾಯ್ದೆಯಲ್ಲಿ ಮೊದಲು ಪಡೆದವರು ಕ್ವೇಕರ್ ಪಂಥದವರು, 17ನೇ ಶತಮಾನದ ಕೊನೆಯಲ್ಲಿ. ಅವರು ಕಟ್ಟಾ ದೈವಭಕ್ತರು. ಆಣೆ ಇಡಬೇಡಿ ಎಂಬುದು ಬೈಬಲಿನ ಆದೇಶವೆಂದು ನಂಬಿ ಸೆರೆಮನೆಗೆ ಹೋದವರು. ನಾಸ್ತಿಕ ಚಾರ್ಲ್ಸ್ ಬ್ರಾಡ್ಲಾ 1880ರಲ್ಲಿ ಸಂಸತ್ತಿಗೆ ಆಯ್ಕೆಯಾದಾಗ ಅದೇ ಅವಕಾಶವನ್ನು ತನಗೂ ಕೇಳಿದರು. ಆರು ವರ್ಷ ಹೋರಾಡಿದ ಮೇಲೆ, 1886ರಲ್ಲಿ ಅವರಿಗೆ ಆಸನ ಸಿಕ್ಕಿತು. ದೃಢೀಕರಣದ ಅವಕಾಶವನ್ನು ಎಲ್ಲರಿಗೂ ತೆರೆದ ಕಾಯ್ದೆ 1888ರಲ್ಲಿ ಬಂತು. ‘ಸೆಕ್ಯುಲರಿಸಂ’ ಎಂಬ ಪದವನ್ನು 1851ರಲ್ಲಿ ಚಲಾವಣೆಗೆ ತಂದ ಜಾರ್ಜ್ ಹೋಲಿಯೋಕ್, ದೇವನಿಂದನೆಯ ಆರೋಪದ ಮೇಲೆ ಆರು ತಿಂಗಳು ಸೆರೆವಾಸ ಅನುಭವಿಸಿದ್ದರೂ, ಅದು ನಾಸ್ತಿಕತೆಯ ಇನ್ನೊಂದು ಹೆಸರಲ್ಲವೆಂದೇ ವಾದಿಸಿದರು. ಬ್ರಾಡ್ಲಾ ಅದನ್ನು ಒಪ್ಪಲಿಲ್ಲ, 1870ರಲ್ಲಿ ಇಬ್ಬರ ನಡುವೆ ಬಹಿರಂಗ ವಾದವೇ ನಡೆಯಿತು. ನಮ್ಮ ಕೋಣೆಯಲ್ಲಿ ಬ್ರಾಡ್ಲಾ ಕಡೆಯವರೂ ಇದ್ದಾರೆ, ನಾನು ಹೋಲಿಯೋಕ್ ಕಡೆಯವಳು.

ಕಾಲೇಜಿನ ಆಯುಧ ಪೂಜೆಯ ಚಂದಾ ಪ್ರಸಂಗವನ್ನು ಮಾತ್ರ ಹೇಳಲು ನನಗೆ ಬಹಳ ತಡವಾಯಿತು, ಏಕೆಂದರೆ ಅದರಲ್ಲಿ ನನ್ನ ತಪ್ಪೂ ಇದೆ. ನಾನು ಕೆಲಸ ಮಾಡಿದ ಕಾಲೇಜುಗಳಲ್ಲೊಂದರಲ್ಲಿ ಪ್ರತಿವರ್ಷ ಪೂಜೆಗೆ ಸಿಬ್ಬಂದಿಯ ಹೆಸರು ಬರೆದ ಪಟ್ಟಿಯೊಂದು ಸುತ್ತು ಬರುತ್ತಿತ್ತು. ಪ್ರತಿ ಹೆಸರಿನ ಮುಂದೆ ಮೊತ್ತ ಬರೆದು ಸಹಿ ಹಾಕಬೇಕು. ಒಂದು ವರ್ಷ ನನ್ನ ಹೆಸರಿನ ಮುಂದೆ ‘ಕೊಡುವುದಿಲ್ಲ’ ಎಂದು ಬರೆದು ಸಹಿ ಮಾಡಿದೆ, ದೊಡ್ಡ ಕೆಲಸ ಮಾಡಿದೆನೆಂದೂ ಅಂದುಕೊಂಡೆ. ಮರುದಿನ ನಮ್ಮ ವಿಭಾಗದ ಅಟೆಂಡರ್, ಕ್ರೈಸ್ತರು, ಒಬ್ಬಳೇ ಇದ್ದಾಗ ಬಂದು, “ಮೇಡಂ, ನಿಮಗೆ ಪರವಾಗಿಲ್ಲ, ನೀವು ಬರೆದ ಮೇಲೆ ನಾನು ಕೊಡದಿದ್ದರೆ ನಾವಿಬ್ಬರೂ ಮಾತಾಡಿಕೊಂಡಿದ್ದೇವೆ ಅಂತಾರೆ, ನಾನು ಈ ಸಲ ನೂರು ರೂಪಾಯಿ ಜಾಸ್ತಿ ಬರೆದೆ” ಎಂದರು. ನನ್ನ ಅಂತಃಸಾಕ್ಷಿಯ ಖರ್ಚನ್ನು ಅವರು ತಮ್ಮ ಸಂಬಳದಲ್ಲಿ ಕಟ್ಟಿದ್ದರು. ಅದಾಗಿ ಎಷ್ಟೋ ದಿನ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ.

ಆಮೇಲೆ ನಾನು ಮಾಡಿದ್ದು ಇಷ್ಟೆ. ಮುಂದಿನ ವರ್ಷ ಸಿಬ್ಬಂದಿ ಸಭೆಯಲ್ಲಿ ಪೂಜೆ ಬೇಡವೆಂಬ ಮಾತನ್ನೇ ಎತ್ತದೆ, ಹೆಸರಿನ ಪಟ್ಟಿಯ ಬದಲು ಮುಚ್ಚಿದ ಡಬ್ಬಿಯೊಂದನ್ನು ಇಡೋಣ, ಕೊಡುವವರು ಕೊಡಲಿ, ಎಷ್ಟು ಕೊಟ್ಟರೆಂದು ಯಾರಿಗೂ ತಿಳಿಯುವುದು ಬೇಡ, ಕಾಣಿಕೆ ಎಂದರೆ ಹಾಗೆಯೇ ಇರಬೇಕಲ್ಲವೇ ಎಂದೆ. ನನ್ನ ಪರವಾಗಿ ಮೊದಲು ಮಾತನಾಡಿದವರು ಸಂಸ್ಕೃತ ವಿಭಾಗದ ಹಿರಿಯರು. ಬಲವಂತದ ಹಣದಿಂದ ಮಾಡಿದ ಪೂಜೆಗೆ ಫಲವಿಲ್ಲವೆಂದು ಅವರು ಕಾರಣ ಕೊಟ್ಟರು. ಅವರ ಕಾರಣ ನನ್ನದಲ್ಲ, ಆದರೆ ಡಬ್ಬಿ ಇಬ್ಬರದೂ ಆಯಿತು. ಆ ವರ್ಷ ಹಣ ಕಡಿಮೆ ಬಂತು. ಕುಂಬಳಕಾಯಿ ಒಡೆದರು, ಕಡಲೆಪುರಿ ಹಂಚಿದರು, ನಾನೂ ತಿಂದೆ.

ದಸರೆಯ ವಿಷಯದಲ್ಲಿ ನಮ್ಮ ನಡುವೆ ಇಂದಿಗೂ ಒಮ್ಮತವಿಲ್ಲ. ಮೈಸೂರಿನಲ್ಲಿದ್ದು ಇದನ್ನು ಚರ್ಚಿಸದಿರಲು ಸಾಧ್ಯವೂ ಇಲ್ಲ. 1971ರಲ್ಲಿ 26ನೇ ತಿದ್ದುಪಡಿಯಿಂದ ರಾಜಧನ ರದ್ದಾದ ಆ ಕಾಲದಲ್ಲಿ ಅರಮನೆಯ ದಸರೆ ಸರ್ಕಾರದ ನಾಡಹಬ್ಬವಾಯಿತು. ಚಿನ್ನದ ಅಂಬಾರಿಯಲ್ಲಿ ಮಹಾರಾಜರು ಕೂರುತ್ತಿದ್ದ ಜಾಗಕ್ಕೆ ಚಾಮುಂಡೇಶ್ವರಿಯ ಮೂರ್ತಿ ಬಂತು. ಪ್ರಜಾಪ್ರಭುತ್ವವು ದೊರೆಯನ್ನು ಇಳಿಸಿ ದೇವತೆಯನ್ನು ಕೂರಿಸಿದ್ದನ್ನು ಜಾತ್ಯತೀತತೆ ಎನ್ನಬೇಕೇ, ಅದರ ಉಲ್ಲಂಘನೆ ಎನ್ನಬೇಕೇ ಎಂಬುದನ್ನು ಮೂರು ಭಾನುವಾರ ಚರ್ಚಿಸಿದ್ದೇವೆ. 2025ರಲ್ಲಿ ಬಾನು ಮುಷ್ತಾಕ್ ಅವರನ್ನು ದಸರೆಯ ಉದ್ಘಾಟನೆಗೆ ಆಹ್ವಾನಿಸಿದ್ದನ್ನು ಪ್ರಶ್ನಿಸಿ ಕೆಲವರು ನ್ಯಾಯಾಲಯಕ್ಕೆ ಹೋದಾಗ ಹೈಕೋರ್ಟ್ ಆ ಅರ್ಜಿಗಳನ್ನು ವಜಾ ಮಾಡಿತು, ಸುಪ್ರೀಂ ಕೋರ್ಟ್ ಕೂಡ ಮಧ್ಯಪ್ರವೇಶಿಸಲಿಲ್ಲ. ಸೆಪ್ಟೆಂಬರ್ 22ರಂದು ಅವರು ಚಾಮುಂಡಿ ಬೆಟ್ಟದಲ್ಲಿ ಉದ್ಘಾಟನೆ ಮಾಡಿದರು. 2017ರಲ್ಲಿ ನಿಸಾರ್ ಅಹಮದ್ ಅವರು ಉದ್ಘಾಟಿಸಿದ್ದನ್ನು ಕಂಡಿದ್ದ ಊರಿನಲ್ಲಿ ಈ ವಿವಾದ ಎದ್ದದ್ದೇ ನನಗೆ ನೋವಿನ ಸಂಗತಿ. ಸರ್ಕಾರ ತನ್ನ ಖರ್ಚಿನಲ್ಲಿ ನಡೆಸುವ ಸಮಾರಂಭಕ್ಕೆ ಯಾರನ್ನು ಕರೆಯಬೇಕೆಂಬುದನ್ನು ಅವರ ಧರ್ಮದಿಂದ ಅಳೆಯಕೂಡದು, ಇದರಲ್ಲಿ ನಾವೆಲ್ಲರೂ ಒಂದೇ. ಆದರೆ ಉದಯಗಿರಿಯ ಗೆಳೆಯರು ಎತ್ತಿದ ಪ್ರಶ್ನೆ ಹಾಗೆಯೇ ಉಳಿದಿದೆ. ಎಲ್ಲ ಧರ್ಮದವರನ್ನೂ ಪೂಜೆಗೆ ಕರೆಯುವುದು ಒಂದು, ಪೂಜೆಯಿಂದ ಸರ್ಕಾರವೇ ದೂರ ನಿಲ್ಲುವುದು ಇನ್ನೊಂದು. ಮೊದಲನೆಯದರ ಪರವಾಗಿ ಬೀದಿಗಿಳಿಯುವ ನಾವು ಎರಡನೆಯದನ್ನು ಕೇಳುವುದನ್ನೇ ಮರೆತಿದ್ದೇವೆಯೇ ಎಂದು ಅವರು ಕೇಳುತ್ತಾರೆ. ಸಂಗೀತ, ಕುಸ್ತಿ, ವಸ್ತುಪ್ರದರ್ಶನ, ಮೆರವಣಿಗೆ ಇವು ಎಲ್ಲರ ತೆರಿಗೆಯಲ್ಲಿ ನಡೆಯಲಿ, ಪೂಜೆ ಭಕ್ತರ ಕಾಣಿಕೆಯಲ್ಲಿ ನಡೆಯಲಿ ಎಂಬುದು ನನ್ನ ಅಭಿಪ್ರಾಯ. ಎರಡನ್ನೂ ಬೇರ್ಪಡಿಸುವುದು ಸುಲಭವಲ್ಲವೆಂಬುದೂ ನನಗೆ ಗೊತ್ತು.

ನಮ್ಮ ಬಳಗದಿಂದ ಹೊರಗಿನವರಿಗೆ ನಿಜವಾಗಿ ಉಪಯೋಗಕ್ಕೆ ಬಂದದ್ದು ಒಂದು ಪುಟದ ಪತ್ರ. ಕಿರಿಯ ಶಿಕ್ಷಕಿಯ ಮಗಳು ಓದುವ ಅನುದಾನಿತ ಶಾಲೆಯಲ್ಲಿ ವಾರಕ್ಕೊಮ್ಮೆ ಪೂಜೆಗೆ ಕೂರುವುದು ಕಡ್ಡಾಯವೆಂದು ಹೇಳಿದ್ದರು. 28ನೇ ವಿಧಿಯ ಮೂರನೆಯ ಖಂಡದ ಪ್ರಕಾರ, ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಿಕ್ಷಣ ಸಂಸ್ಥೆಯಲ್ಲಿ ಧಾರ್ಮಿಕ ಬೋಧನೆಗೋ ಆರಾಧನೆಗೋ ಹಾಜರಾಗಲು ಅಪ್ರಾಪ್ತ ವಯಸ್ಸಿನ ಮಗುವನ್ನು ಪೋಷಕರ ಒಪ್ಪಿಗೆಯಿಲ್ಲದೆ ಒತ್ತಾಯಿಸುವಂತಿಲ್ಲ. ನಾಲ್ಕು ಮಂದಿ ಕುಳಿತು ಪತ್ರ ಬರೆದೆವು. ಕೇರಳದ ಮೂವರು ಮಕ್ಕಳ ಮೊಕದ್ದಮೆಯಲ್ಲಿ 1986ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪನ್ನೂ ಅದರಲ್ಲಿ ಉಲ್ಲೇಖಿಸಿದೆವು. ಆ ಮಕ್ಕಳು ಯೆಹೋವನ ಸಾಕ್ಷಿಗಳು ಎಂಬ ಪಂಥಕ್ಕೆ ಸೇರಿದವರು. ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರೂ ತಮ್ಮ ನಂಬಿಕೆಯ ಕಾರಣಕ್ಕೆ ಹಾಡದೆ ಇದ್ದುದರಿಂದ ಶಾಲೆಯಿಂದ ಹೊರಗೆ ಹಾಕಲ್ಪಟ್ಟಿದ್ದರು, ನ್ಯಾಯಾಲಯ ಅವರನ್ನು ಮತ್ತೆ ಸೇರಿಸಿಕೊಳ್ಳುವಂತೆ ಹೇಳಿತು. ಇಲ್ಲಿಯೂ ಬಹಳ ಗಾಢವಾದ ಭಕ್ತಿಯುಳ್ಳವರು ಗೆದ್ದುಕೊಟ್ಟ ತೀರ್ಪನ್ನೇ ನಾವು ಆಸರೆ ಮಾಡಿಕೊಂಡಿದ್ದೆವು. ಮುಖ್ಯೋಪಾಧ್ಯಾಯರು ಪತ್ರ ಓದಿ, ಆ ಹೊತ್ತಿನಲ್ಲಿ ಮಗು ಗ್ರಂಥಾಲಯದಲ್ಲಿ ಕೂರಲಿ ಎಂದರು. ಮಗುವಿಗೆ ಒಂಟಿತನ ಅನಿಸಿತ್ತೆಂಬುದನ್ನೂ ಇಲ್ಲಿ ಹೇಳಬೇಕು. ಎರಡು ತಿಂಗಳು ಕಳೆದ ಮೇಲೆ ಇನ್ನಿಬ್ಬರು ಮಕ್ಕಳು ಗ್ರಂಥಾಲಯಕ್ಕೆ ಬಂದರು.

ಕಳೆದ ವರ್ಷ ಜೂನ್‌ನಲ್ಲಿ ಹಣೆಗೆ ವಿಭೂತಿ ಧರಿಸಿದ್ದ ತಂದೆಯೊಬ್ಬರು ಆ ಪತ್ರವನ್ನು ಕೇಳಿಕೊಂಡು ನಮ್ಮ ಮನೆಗೆ ಬಂದರು. ಅವರ ಮಗ ಓದುವುದು ಕ್ರೈಸ್ತ ಸಂಸ್ಥೆಯೊಂದು ನಡೆಸುವ ಶಾಲೆಯಲ್ಲಿ, ಅಲ್ಲಿ ಬೆಳಗಿನ ಪ್ರಾರ್ಥನೆಗೆ ಹುಡುಗ ಹೋಗುವುದು ಅವರಿಗೆ ಇಷ್ಟವಿರಲಿಲ್ಲ. ಶಾಲೆಯ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ಪಾಠ ಬಹಳ ಚೆನ್ನಾಗಿದೆ, ಇದೊಂದು ಮಾತ್ರ ಆಗದು ಎಂದರು. ನಾನು ಪತ್ರದ ಪ್ರತಿ ಕೊಟ್ಟೆ. ಅವರು ಅಲ್ಲೇ ಕುಳಿತು ನಿಧಾನವಾಗಿ ಓದಿ, ಮೊದಲ ಸಾಲಿನಲ್ಲಿ ‘ನಾವು ನಾಸ್ತಿಕರಾಗಿರುವುದರಿಂದ’ ಎಂದಿದ್ದ ಕಡೆ ಬೆರಳಿಟ್ಟು, “ಇದನ್ನು ತೆಗೆದರೆ ಉಳಿದದ್ದೆಲ್ಲಾ ನನ್ನ ಮಾತೇ, ತಾಯಿ” ಎಂದರು. ಪೆನ್ನು ತೆಗೆದುಕೊಂಡು ಆ ಎರಡು ಪದಗಳನ್ನು ಹೊಡೆದು ಹಾಕಿ ‘ನಮ್ಮ ಅಂತಃಸಾಕ್ಷಿಗೆ ಒಪ್ಪದಿರುವುದರಿಂದ’ ಎಂದು ಬರೆದೆ. ಅವರು ಹೋದ ಮೇಲೆ, ಕಡತದಲ್ಲಿ ಉಳಿದಿದ್ದ ನಮ್ಮ ಪ್ರತಿಯಲ್ಲಿಯೂ ಹಾಗೆಯೇ ತಿದ್ದಿದೆ.