ಕೊನೆಯ ಮಾತು ಎಷ್ಟು ಗಂಟೆಗೆ?

ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದಲ್ಲಿ ನಾನು ನರ್ಸ್‌ಗಳ ಮೇಲ್ವಿಚಾರಕಿ. ಏಟು ತಿಂದವಳು ನಾನಲ್ಲ, ನನ್ನ ಕೈಕೆಳಗಿನ ಹುಡುಗಿ. ರೋಗಿಯ ಮಗ ಗ್ಲೂಕೋಸ್ ಸ್ಟ್ಯಾಂಡ್ ಎತ್ತಿ ಬೀಸಿದ, ಅವಳ ಮುಂಗೈ ಮೂಳೆ ಮುರಿಯಿತು.

ಮರುದಿನ ಕೇಸ್ ಶೀಟ್ ತೆಗೆದು ನೋಡಿದೆ. ಎದೆನೋವೆಂದು ತಂದೆಯನ್ನು ಕರೆತಂದದ್ದು ರಾತ್ರಿ ಒಂಬತ್ತಕ್ಕೆ. ಇಸಿಜಿ ಆಗಿದೆ, ರಕ್ತ ಪರೀಕ್ಷೆಗೆ ಹೋಗಿದೆ, ಹೃದ್ರೋಗ ತಜ್ಞರಿಗೆ ಫೋನ್ ಹೋಗಿದೆ. ಕೆಲಸದಲ್ಲಿ ಲೋಪವಿಲ್ಲ. ಆದರೆ ಹನ್ನೊಂದೂವರೆಯವರೆಗೆ ಆ ಮಗನೊಡನೆ ಯಾರೂ ಮಾತನಾಡಿರಲಿಲ್ಲ. ಕೊನೆಗೆ ಮಾತನಾಡಿದವಳು ನಾನು. ‘ಶಾಂತವಾಗಿರಿ’ ಎಂದೆ. ಆ ಒಂದು ಪದ ಉರಿಯುವ ಒಲೆಗೆ ಎಣ್ಣೆ ಹೊಯ್ದಂತೆ ಎಂಬುದು ಇಷ್ಟು ವರ್ಷ ದುಡಿದ ನನಗೆ ಗೊತ್ತಿರಬೇಕಿತ್ತು.

ಇನ್ನೂರು ಪುಟದ ನೋಟ್‌ಬುಕ್ ತಂದಿಟ್ಟೆ. ಹುಡುಗಿಯರು ಅದಕ್ಕೆ ‘ಗಲಾಟೆ ಪುಸ್ತಕ’ ಎಂದು ಹೆಸರಿಟ್ಟರು. ಹೊಡೆತವಷ್ಟೇ ಅಲ್ಲ, ಬೈಗುಳವನ್ನೂ ಬರೆಯಬೇಕು: ಎಷ್ಟು ಹೊತ್ತಿಗೆ, ಎಲ್ಲಿ, ಅದಕ್ಕೆ ಮುಂಚೆ ಏನಾಗಿತ್ತು. ಶನಿವಾರ ರಾತ್ರಿಯ ಕುಡುಕರೇ ಮೂಲವೆಂದು ಎಲ್ಲರೂ ನಂಬಿದ್ದೆವು. ಮೂರು ತಿಂಗಳ ಬರಹ ಬೇರೆಯದನ್ನೇ ಹೇಳಿತು. ಗಲಾಟೆ ಹೆಚ್ಚಿದ್ದದ್ದು ಸಂಜೆ ಪಾಳಿ ಬದಲಾಗುವ ಎಂಟರ ಸುಮಾರಿಗೆ, ಮತ್ತು ಬಿಲ್ಲಿಂಗ್‌ನಿಂದ ಅಂದಾಜು ಖರ್ಚಿನ ಚೀಟಿ ಕೈಗೆ ಬಂದ ಮೇಲೆ. ಬಾಕಿ ಹಣಕ್ಕಾಗಿ ಶವ ತಡೆಹಿಡಿಯುವಂತಿಲ್ಲ ಎಂದು ಖಾಸಗಿ ಆಸ್ಪತ್ರೆಗಳ ಕುರಿತ ರಾಜ್ಯದ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿ ಹೇಳುತ್ತದೆ. ಅದನ್ನು ಕನ್ನಡದಲ್ಲಿ ಬರೆಸಿ ಕೌಂಟರಿನ ಒಳಮುಖಕ್ಕೆ, ಸಿಬ್ಬಂದಿಗೆ ಕಾಣುವಂತೆ, ಅಂಟಿಸಿದೆ.

ಅಪಾಯ ಅಳೆಯಲು ನಾರ್ವೆಯಲ್ಲಿ ರೂಪುಗೊಂಡ ಬ್ರೋಸೆಟ್ ಪಟ್ಟಿಯನ್ನು ತೆಗೆದುಕೊಂಡೆವು. ಆರು ಲಕ್ಷಣಗಳು: ಗೊಂದಲ, ಸಿಡುಕು, ಅಬ್ಬರ, ಬಾಯಿಮಾತಿನ ಬೆದರಿಕೆ, ಮೈಮೇಲೆ ಏರಿಬರುವುದು, ವಸ್ತುಗಳನ್ನು ಒಡೆಯುವುದು. ಒಂದಕ್ಕೆ ಒಂದು ಅಂಕ. ಎರಡು ದಾಟಿದರೆ ಮುಂದಿನ 24 ಗಂಟೆ ಎಚ್ಚರ. ಆದರೆ ಅದು ಮನೋರೋಗ ವಾರ್ಡಿನ ರೋಗಿಗಳಿಗಾಗಿ ಮಾಡಿದ್ದು, ನಮ್ಮಲ್ಲಿ ಕೈ ಎತ್ತುವವರು ಹೆಚ್ಚಾಗಿ ಜೊತೆಗೆ ಬಂದವರು. ಅದಕ್ಕೇ ಬೋರ್ಡಿನಲ್ಲಿ ಪ್ರತಿ ಹಾಸಿಗೆಯ ಮುಂದೆ ನಮ್ಮದೇ ಒಂದು ಕಾಲಂ ಸೇರಿಸಿದೆವು: ‘ಕೊನೆಯ ಮಾತು ಎಷ್ಟು ಗಂಟೆಗೆ’. ಅರ್ಧ ಗಂಟೆ ದಾಟಿದರೆ ಯಾರಾದರೂ ಎದ್ದು ಹೋಗಬೇಕು. ಹೊಸ ಸುದ್ದಿ ಇಲ್ಲದಿದ್ದರೆ ‘ವರದಿ ಇನ್ನೂ ಬಂದಿಲ್ಲ’ ಎಂದಾದರೂ ಹೇಳಬೇಕು. ತೆಲುಗಿನವರಿಗೆ ತೆಲುಗಿನಲ್ಲಿ, ತಮಿಳಿನವರಿಗೆ ತಮಿಳಿನಲ್ಲಿ. ವೈದ್ಯರೊಬ್ಬರು ಇದನ್ನು ನೋಡಿ ನಕ್ಕರು. ಈಗ ಆ ಕಾಲಂ ಖಾಲಿಯಿದ್ದರೆ ಮೊದಲು ಕೂಗುವವರು ಅವರೇ.

ರೋಗಿಯೇ ಒದೆಯುತ್ತಿದ್ದರೆ ಲೆಕ್ಕ ಬೇರೆ. ಒಮ್ಮೆ ಕಾವಲುಗಾರರಿಬ್ಬರು ಒಬ್ಬನನ್ನು ಹಿಡಿದು ತಂದರು. ‘ಕುಡಿದಿದ್ದಾನೆ ಮೇಡಂ, ಕಟ್ಟಿಹಾಕೋಣ’ ಎಂದರು. ಬೆರಳಿಗೆ ಚುಚ್ಚಿ ನೋಡಿದರೆ ರಕ್ತದ ಸಕ್ಕರೆ 38, ತೀರಾ ಕಡಿಮೆ. ಡೆಕ್ಸ್ಟ್ರೋಸ್, ಅಂದರೆ ಸಕ್ಕರೆಯ ದ್ರಾವಣ, ಹೋದ ಕೆಲವೇ ನಿಮಿಷಗಳಲ್ಲಿ ಎದ್ದು ಕುಳಿತು, ತನ್ನ ಚಪ್ಪಲಿ ಎಲ್ಲಿ ಎಂದು ಕೇಳಿದ. ತಲೆಗೆ ಪೆಟ್ಟು, ಆಮ್ಲಜನಕದ ಕೊರತೆ, ಕುಡಿತ ನಿಲ್ಲಿಸಿದಾಗಿನ ಸನ್ನಿ ಕೂಡ ಹೀಗೆಯೇ ಕಾಣುತ್ತವೆ. ಅಂದಿನಿಂದ ಹಗ್ಗಕ್ಕಿಂತ ಮೊದಲು ಗ್ಲೂಕೋಮೀಟರ್.

ಸಾವಿನ ಸುದ್ದಿಯನ್ನು ಕಾರಿಡಾರಿನಲ್ಲಿ ಹೇಳುವುದನ್ನು ನಿಲ್ಲಿಸಿದೆವು. ಅದಕ್ಕೊಂದು ಸಣ್ಣ ಕೋಣೆ. ಅಲ್ಲಿ ಸ್ಟ್ಯಾಂಡ್ ಇಲ್ಲ, ಹೂದಾನಿ ಇಲ್ಲ, ಬಾಗಿಲ ಪಕ್ಕದ ಕುರ್ಚಿ ಸಿಬ್ಬಂದಿಯದು. ಸ್ಟೆತಾಸ್ಕೋಪ್ ಕೊರಳಲ್ಲಿ ಇರಕೂಡದು, ಗುರುತಿನ ಚೀಟಿಯ ದಾರ ಎಳೆದರೆ ಬಿಚ್ಚಿಕೊಳ್ಳಬೇಕು. ಜನ ಸೇರುವ ಸುಳಿವು ಎಲ್ಲರಿಗಿಂತ ಮೊದಲು ಸಿಗುವುದು ನೆಲ ಒರೆಸುವ ಆಯಾಗೆ. ಅವರು ಬಂದು ಕಿವಿಯಲ್ಲಿ ಹೇಳಿದರೆ ನಾನು ಏಕೆ, ಏನು ಎಂದು ಕೇಳುವುದಿಲ್ಲ.

ದೂರಿನ ಮಾತು ಬಂದಾಗ ಆಡಳಿತದವರು ರಾಜಿ ಎಂದರು. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯುವ ಕರ್ನಾಟಕದ 2009ರ ಕಾಯ್ದೆಯ ಪ್ರಕಾರ ಇದು ಜಾಮೀನುರಹಿತ ಅಪರಾಧ, ಹಾಳಾದ ವಸ್ತುವಿಗೆ ಎರಡು ಪಟ್ಟು ಪರಿಹಾರ ಕೊಡಬೇಕು ಎಂದು ಓದಿ ಹೇಳಿದೆ. ಹಲ್ಲೆಯಾದ ಆರು ಗಂಟೆಯೊಳಗೆ ಸಂಸ್ಥೆಯೇ ದೂರು ಕೊಡಬೇಕೆಂದು 2024ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ತನ್ನ ಆಸ್ಪತ್ರೆಗಳಿಗೆ ಸೂಚಿಸಿತ್ತು. ನಮ್ಮದು ಖಾಸಗಿ, ಆದರೂ ಅದನ್ನೇ ನಮ್ಮ ನಿಯಮವೆಂದು ಬರೆಸಿ ಸಹಿ ಮಾಡಿಸಿಕೊಂಡೆ.

ಪ್ಲಾಸ್ಟರ್ ಬಿಚ್ಚಿದ ಮೇಲೆ ಆ ಹುಡುಗಿ ಕೆಲಸಕ್ಕೆ ಮರಳಿದಳು. ರಾತ್ರಿ ಪಾಳಿ ಬೇಡ ಎಂದಳು. ಇದುವರೆಗೂ ಹಾಕಿಲ್ಲ.