ಗ್ರಾಹಕರ ಕೆಲಸ ಬಿಟ್ಟಾಗ ನಾನು ಒಪ್ಪಿಸಿ ಬಂದದ್ದು

ಬೆಂಗಳೂರಿನ ಒಂದು ಪೀಠೋಪಕರಣ ಮಳಿಗೆಯ ವೆಬ್‌ಸೈಟನ್ನು ರೂಪಿಸಿ, ಹಲವು ವರ್ಷ ತಿಂಗಳ ಸಂಭಾವನೆಯ ಮೇಲೆ ನೋಡಿಕೊಂಡ ನಂತರ, ಆ ಒಪ್ಪಂದವನ್ನು ನಾನಾಗಿಯೇ ಮುಗಿಸಲು ನಿರ್ಧರಿಸಿದೆ. ಕೆಲಸ ಬೆಳೆಯುತ್ತಾ ಹೋಗಿ, ಬಿಡಿಯಾಗಿ ಮಾಡಿಕೊಡುವ ನನ್ನಂಥವರ ಕೈಗೆ ಅದು ನಿಲುಕದಂತಾಗಿತ್ತು.

ಮೊದಲು ಒಪ್ಪಂದ ಪತ್ರವನ್ನು ಮತ್ತೊಮ್ಮೆ ಓದಿದೆ. ಮೂವತ್ತು ದಿನ ಮುಂಚೆ ಲಿಖಿತವಾಗಿ ತಿಳಿಸಬೇಕೆಂದಿತ್ತು. ಆದರೆ ಇಮೇಲಿಗಿಂತ ಮುಂಚೆ ಮಾಲೀಕರಿಗೆ ಫೋನ್ ಮಾಡಿದೆ, ಏಕೆಂದರೆ ವರ್ಷಗಟ್ಟಲೆ ಮಾತನಾಡಿಕೊಂಡು ಬಂದವರಿಗೆ ಇಂಥ ಸುದ್ದಿಯನ್ನು ಬಾಯಿಂದಲೇ ಹೇಳುವುದು ಮರ್ಯಾದೆ. "ಯಾಕ್ರೀ, ದುಡ್ಡು ಸಾಲುತ್ತಿಲ್ಲವಾ? ಹೇಳಿ, ಜಾಸ್ತಿ ಮಾಡೋಣ" ಎಂದರು. "ದುಡ್ಡಿನ ವಿಷಯವಲ್ಲ ಸರ್, ನಿಮ್ಮ ಕೆಲಸಕ್ಕೆ ಈಗ ಪೂರ್ತಿ ಸಮಯ ಕೊಡುವವರು ಬೇಕು, ಅದು ನನ್ನಿಂದ ಆಗುವುದಿಲ್ಲ" ಎಂದೆ. ನಾಲ್ಕು ಕಾರಣ ಕೊಟ್ಟರೆ ನಾಲ್ಕಕ್ಕೂ ಪರಿಹಾರ ಹುಡುಕುವ ಚೌಕಾಸಿ ಶುರುವಾಗುತ್ತದೆ. ನಿಜವಾದ ಒಂದೇ ಕಾರಣ ಸಾಕು. ಅದೇ ಸಂಜೆ ಕಳಿಸಿದ ಇಮೇಲಿನಲ್ಲಿ ಕೊನೆಯ ದಿನಾಂಕ, ಅಷ್ಟರೊಳಗೆ ಮುಗಿಸಿಕೊಡುವ ಕೆಲಸಗಳು, ಮುಗಿಸಲಾಗದವು ಮತ್ತು ಬಾಕಿ ಬಿಲ್ಲಿನ ವಿವರವನ್ನಷ್ಟೇ ಬರೆದೆ.

ವೆಬ್‌ಸೈಟಿನ ವಿಷಯದಲ್ಲಿ ಒಪ್ಪಿಸಿ ಕೊಡುವುದೇ ದೊಡ್ಡ ಕೆಲಸ. ಡೊಮೈನ್, ಅಂದರೆ ಸೈಟಿನ ವಿಳಾಸದ ಹೆಸರು, ನನ್ನ ಖಾತೆಯಲ್ಲಿತ್ತು. ಮಳಿಗೆಯ ಹೆಸರಿನಲ್ಲಿ ಖಾತೆ ತೆರೆಸಿ, ಆ ಹೆಸರನ್ನು ನೋಂದಾಯಿಸಿದ್ದ ಅದೇ ರಿಜಿಸ್ಟ್ರಾರ್‌ನೊಳಗೆ ವರ್ಗಾಯಿಸಿದೆ. ಡಾಟ್ ಕಾಮ್ ಹೆಸರಿನ ನೋಂದಣಿದಾರರು ಬದಲಾದರೆ ಸಾಮಾನ್ಯವಾಗಿ 60 ದಿನ ಅದನ್ನು ಬೇರೆ ರಿಜಿಸ್ಟ್ರಾರ್‌ಗೆ ಒಯ್ಯಲು ಬರುವುದಿಲ್ಲವಾದ್ದರಿಂದ ಇದನ್ನು ಮೊದಲ ವಾರದಲ್ಲೇ ಮಾಡಿದೆ. ಪಾಸ್‌ವರ್ಡ್‌ಗಳ ಪಟ್ಟಿ ಕೊಟ್ಟರೆ ಮುಗಿಯುವುದಿಲ್ಲ. ಸೈಟನ್ನು ಇರಿಸಿದ್ದ ಹೋಸ್ಟಿಂಗ್ ಖಾತೆಯ ಓಟಿಪಿ ನನ್ನ ಮೊಬೈಲಿಗೇ ಬರುತ್ತಿತ್ತು. ಅವರ ಅಕೌಂಟೆಂಟ್ ಮೇಡಂ ಪಕ್ಕದಲ್ಲೇ ಕುಳಿತು ನಂಬರ್ ಬದಲಾಯಿಸಿ, ಲಾಗೌಟ್ ಮಾಡಿಸಿ, ಮತ್ತೆ ಲಾಗಿನ್ ಮಾಡಿಸಿ, ಓಟಿಪಿ ಅವರ ಫೋನಿಗೆ ಬಂದು ಅವರೇ ಒಳಹೊಕ್ಕ ಮೇಲೆ ನನ್ನ ಹೆಸರನ್ನು ಅಡ್ಮಿನ್ ಪಟ್ಟಿಯಿಂದ ತೆಗೆಸಿದೆ. ಬ್ಯಾಕಪ್ಪನ್ನೂ ಬರಿದೇ ಕೊಡದೆ, ಬೇರೊಂದು ಸರ್ವರ್‌ನಲ್ಲಿ ಅದರಿಂದ ಸೈಟನ್ನು ಎಬ್ಬಿಸಿ ತೋರಿಸಿದೆ.

ಬಾಕಿ ಬರುವವರೆಗೆ ಪಾಸ್‌ವರ್ಡ್ ಕೊಡಬೇಡ ಎಂದು ಇದೇ ಕೆಲಸದಲ್ಲಿರುವ ಗೆಳೆಯರೊಬ್ಬರು ಹೇಳಿದರು. ನಾನು ಒಪ್ಪಲಿಲ್ಲ. ಒಬ್ಬರ ದಿನದ ವ್ಯಾಪಾರ ನಡೆಯುವ ಜಾಗದ ಬೀಗದ ಕೈಯನ್ನು ಒತ್ತೆ ಇಟ್ಟುಕೊಳ್ಳುವುದು ವೃತ್ತಿಗೆ ತಕ್ಕುದಲ್ಲ. ವಸೂಲಿಗೆ ಕಾನೂನು ಬೇರೆ ದಾರಿ ಕೊಟ್ಟಿದೆ. 2006ರ ಎಂಎಸ್‌ಎಂಇ (ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ) ಅಭಿವೃದ್ಧಿ ಕಾಯ್ದೆಯಂತೆ, ಸರ್ಕಾರದ ಉದ್ಯಮ್ ನೋಂದಣಿ ಇರುವ ಸಣ್ಣ ಸೇವಾದಾರರಿಗೆ ಹಣ ಕೊಡುವ ಗಡುವನ್ನು ಒಪ್ಪಂದದಲ್ಲಿ ಬರೆದುಕೊಂಡರೂ ಅದು 45 ದಿನ ಮೀರುವಂತಿಲ್ಲ, ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸೇರುತ್ತದೆ. ನನ್ನ ಉದ್ಯಮ್ ಸಂಖ್ಯೆ ಪ್ರತಿ ಬಿಲ್ಲಿನಲ್ಲೂ ಇರುತ್ತದೆ. ಅದಕ್ಕಿಂತ ಹೆಚ್ಚಿನ ಒತ್ತಡ ಬೇಕಾಗಲಿಲ್ಲ.

ಹಣಕ್ಕೆ ಜೋಡಿಸಿದ್ದು ಕೃತಿಸ್ವಾಮ್ಯವನ್ನು ಮಾತ್ರ. ನಮ್ಮ ಒಪ್ಪಂದದಲ್ಲಿ ವಿನ್ಯಾಸ ಮತ್ತು ಕೋಡಿನ ಹಕ್ಕಿನ ಪ್ರಸ್ತಾಪವೇ ಇರಲಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಹಕ್ಕನ್ನು ಸಹಿ ಹಾಕಿದ ಬರಹದಲ್ಲೇ ವರ್ಗಾಯಿಸಬೇಕು, ಅವಧಿ ನಮೂದಿಸದಿದ್ದರೆ ಅದು 5 ವರ್ಷಕ್ಕೆ ಸೀಮಿತವಾಗುತ್ತದೆ. ಆದ್ದರಿಂದ ಕೊನೆಯ ಕಂತು ಜಮೆಯಾದ ದಿನ, ಪೂರ್ಣಾವಧಿಗೆ ಎಂದು ಸ್ಪಷ್ಟವಾಗಿ ನಮೂದಿಸಿ ಬರೆದುಕೊಟ್ಟೆ.

ಹೊಸದಾಗಿ ಬಂದ ಡೆವಲಪರ್ ಕೇಳುವ ಪ್ರಶ್ನೆಗಳಿಗೆ ಎರಡು ವಾರ ಉಚಿತವಾಗಿ, ನಂತರ ಗಂಟೆಯ ಲೆಕ್ಕದಲ್ಲಿ ಉತ್ತರಿಸುವುದಾಗಿ ಮೊದಲೇ ತಿಳಿಸಿದ್ದೆ. ಕೊನೆಯ ಬಿಲ್ಲಿನಿಂದ ಶೇಕಡಾ 10ರಷ್ಟು ಟಿಡಿಎಸ್ (ಮೂಲದಲ್ಲೇ ಕಡಿತ ಮಾಡುವ ತೆರಿಗೆ) ಹಿಡಿದಿದ್ದರು; ಆ ಮೊತ್ತ ತೆರಿಗೆ ಜಮೆಯ ವಿವರಪಟ್ಟಿಯಾದ ಫಾರ್ಮ್ 26ಎಎಸ್‌ನಲ್ಲಿ ನನ್ನ ಪ್ಯಾನ್‌ಗೆ ಜಮೆಯಾಗಿರುವುದನ್ನು ನೋಡಿ, ಕಡಿತದ ಪ್ರಮಾಣಪತ್ರವಾದ ಫಾರ್ಮ್ 16ಎ ತರಿಸಿಕೊಂಡ ಬಳಿಕವೇ ಆ ಲೆಕ್ಕವನ್ನು ಮುಕ್ತಾಯ ಮಾಡಿದೆ.