19 ಇಂಚಿನ ವೀಲ್ ಬಿಚ್ಚಿ 17ಕ್ಕೆ ಮರಳಿದ ಕಥೆ

ನಾನು ಕೊಂಡಿದ್ದು ಸೆಕೆಂಡ್ ಹ್ಯಾಂಡ್ ಜರ್ಮನ್ ಸೆಡಾನ್. ನಾಲ್ಕು ಸಿಲಿಂಡರಿನ ಡೀಸೆಲ್. ಕಂಪನಿಯಿಂದ ಬಂದಿದ್ದು 17 ಇಂಚಿನ ವೀಲ್. ಹಿಂದಿನ ಮಾಲೀಕರು ಅದನ್ನು ತೆಗೆದು 19 ಇಂಚಿನದು ಹಾಕಿಸಿದ್ದರು. ನೋಡೋಕೆ ನಿಜಕ್ಕೂ ಚೆಂದ. ನನ್ನ ಮಗ ಆ ವೀಲ್ ನೋಡಿಯೇ ಕಾರು ಒಪ್ಪಿದ್ದ.

ತಿಂಗಳಿಗೊಮ್ಮೆ ಬೆಂಗಳೂರಿನಿಂದ ಪುತ್ತೂರಿಗೆ ಹೋಗುತ್ತೇವೆ. ಹಾಸನದವರೆಗೆ ನನಗೆ ಖುಷಿಯೋ ಖುಷಿ. ಸ್ಟೇರಿಂಗ್ ಒಂಚೂರು ತಿರುಗಿಸಿದರೆ ಸಾಕು, ಕಾರು ತಕ್ಷಣ ತಿರುಗುತ್ತಿತ್ತು. ಆದರೆ ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯೋವಾಗ ಹಿಂದೆ ಕೂತಿದ್ದ ಅಮ್ಮ ಎರಡೂ ಕೈಯಲ್ಲಿ ಸೀಟು ಹಿಡಿದುಕೊಂಡಿದ್ದರು. "ಹಳೇ ಕಾರೇ ಆಗ್ತಿತ್ತು ಮಾರಾಯ. ಸೊಂಟ ಪೂರ್ತಿ ನೋಯ್ತಾ ಉಂಟು" ಅಂದರು. ಇಷ್ಟು ದುಡ್ಡು ಹಾಕಿ ಈ ಕಾರು ತಗೊಂಡಿದ್ದೇ ಅಮ್ಮ ಆರಾಮಾಗಿ ಕೂರಲಿ ಅಂತ. ಆ ಮಾತು ನನಗೆ ತುಂಬಾ ನಾಟಿತು.

ಮುಂದಿನ ಮಳೆಗಾಲದಲ್ಲಿ, ಮಾರನಹಳ್ಳಿ ದಾಟಿದ ಮೇಲೆ, ನೀರು ತುಂಬಿದ ಗುಂಡಿಯೊಂದಕ್ಕೆ ಎಡಗಡೆಯ ಮುಂದಿನ ವೀಲ್ ಇಳಿಯಿತು. ಗಾಳಿ ಹೋಗಲಿಲ್ಲ. ಉಪ್ಪಿನಂಗಡಿಯ ಪಂಕ್ಚರ್ ಅಂಗಡಿಯವರು ಟೈರಿನ ಒಳಬದಿಗೆ ಕೈ ಹಾಕಿ ಸವರಿದರು. ಅಲ್ಲಿ ನಿಂಬೆಹಣ್ಣಿನಷ್ಟು ಗುಳ್ಳೆ! ಗುಂಡಿಯ ಅಂಚಿಗೂ ರಿಮ್‌ಗೂ ನಡುವೆ ರಬ್ಬರ್ ಸಿಕ್ಕಿಕೊಂಡಾಗ ಒಳಗಿನ ದಾರಗಳು ಹರಿಯುತ್ತವೆ. ಆಮೇಲೆ ಗಾಳಿ ಆ ಜಾಗವನ್ನು ಹೊರಗೆ ತಳ್ಳುತ್ತದೆ. ಇದಕ್ಕೆ ಪ್ಯಾಚ್ ಇಲ್ಲ, ಟೈರನ್ನೇ ಬದಲಿಸಬೇಕು. ಹೊರಗಿನಿಂದ ನೋಡಿದ್ದರೆ ನನಗೆ ಗೊತ್ತೇ ಆಗುತ್ತಿರಲಿಲ್ಲ. ಈಗ ದೊಡ್ಡ ಗುಂಡಿಗೆ ಬಿದ್ದಾಗೆಲ್ಲ ನಾನೂ ಕಾರು ನಿಲ್ಲಿಸಿ ಒಳಬದಿ ಸವರಿ ನೋಡುತ್ತೇನೆ.

ಆ ಅಳತೆಯ ಟೈರ್ ಪುತ್ತೂರಲ್ಲಿ ಸಿಗಲಿಲ್ಲ. ತೆಳ್ಳಗಿನ ಸ್ಟೆಪ್ನಿ ಹಾಕಿಕೊಂಡು, ಗಂಟೆಗೆ 80 ಕಿ.ಮೀ. ಮೀರದೆ ಬೆಂಗಳೂರಿಗೆ ವಾಪಸ್ ಬಂದೆ.

ಮನೆಗೆ ಬಂದವನೇ ಲೆಕ್ಕ ಹಾಕಲು ಕೂತೆ. ಕಂಪನಿ ಅಳತೆ 225/55 ಆರ್17. ಅಂದರೆ ಅಗಲ 225 ಮಿ.ಮೀ., ಬದಿಯ ಎತ್ತರ ಅದರ ಶೇ. 55, ಸುಮಾರು 124 ಮಿ.ಮೀ. ನನ್ನ ಕಾರಿನಲ್ಲಿದ್ದದ್ದು 245/40 ಆರ್19. ಬದಿಯ ಎತ್ತರ 98 ಮಿ.ಮೀ. ಮಾತ್ರ. ಎರಡರ ಒಟ್ಟು ವ್ಯಾಸ ಒಂದೇ, ಸುಮಾರು 679 ಮಿ.ಮೀ. ಹಾಗಾಗಿ ಸ್ಪೀಡೋಮೀಟರ್ ಸರಿಯಾಗೇ ತೋರಿಸುತ್ತದೆ. ಆದರೆ ರಿಮ್ ದೊಡ್ಡದಾದಷ್ಟೂ ರಬ್ಬರ್ ಕಡಿಮೆಯಾಗುತ್ತದೆ. ಅಮ್ಮನ ಸೊಂಟಕ್ಕೂ ಶಿರಾಡಿಯ ಗುಂಡಿಗೂ ನಡುವೆ ಇದ್ದ ರಬ್ಬರಿನಲ್ಲಿ ಒಂದು ಇಂಚು ಹೋಗಿತ್ತು.

17ರ ಸೆಟ್ ಸಿಕ್ಕ ಮೇಲೆ ಭಾರವನ್ನೂ ನೋಡಿದೆ. ಊರಿಗೆ ಹೋದಾಗ 17ರದ್ದೊಂದು, 19ರದ್ದೊಂದು ವೀಲನ್ನು ಟೈರ್ ಸಮೇತ ಅಡಿಕೆ ತೂಗುವ ತಕ್ಕಡಿಯಲ್ಲಿಟ್ಟೆ. 19 ಇಂಚಿನದು ನಾಲ್ಕು ಕಿಲೋ ಜಾಸ್ತಿ ತೂಗಿತು. ಈ ಭಾರ ಸ್ಪ್ರಿಂಗಿನ ಕೆಳಗಿರುವಂಥದ್ದು. ಗುಂಡಿ ಬಂದಾಗಲೆಲ್ಲ ಶಾಕ್ ಅಬ್ಸಾರ್ಬರ್ ಅಷ್ಟನ್ನೂ ತಡೆದು ನಿಲ್ಲಿಸಬೇಕು. ನಾಲ್ಕು ಜನ ಕೂತರೆ ಬರುವ ಭಾರ ಸ್ಪ್ರಿಂಗಿನ ಮೇಲಿರುತ್ತದೆ, ಇದು ಹಾಗಲ್ಲ.

17ರ ಸೆಟ್ ಹುಡುಕೋದು ಕಷ್ಟವಾಗಲಿಲ್ಲ. ದೊಡ್ಡದಕ್ಕೆ ಬದಲಿಸಿದವರು ಕಂಪನಿಯ ವೀಲ್ ಮಾರುತ್ತಿರುತ್ತಾರೆ. ಒಂದು ಸೆಟ್ ನೋಡಿದೆ. ಮೇಲೆ ಹೊಸ ಪೇಂಟ್ ಹೊಳೆಯುತ್ತಿತ್ತು. ತಿರುಗಿಸಿ ನೋಡಿದರೆ ಒಳಗೆ ವೆಲ್ಡಿಂಗ್ ಗುರುತು. ಬೇಡ ಅಂದೆ. ಎರಡನೆಯ ಸೆಟ್ಟನ್ನು ಟೈರ್ ಇಲ್ಲದೆ ಬ್ಯಾಲೆನ್ಸಿಂಗ್ ಮೆಷಿನ್ ಮೇಲೆ ತಿರುಗಿಸಿ, ಅಂಚು ಅಲ್ಲಾಡುವುದಿಲ್ಲ ಅಂತ ಖಾತ್ರಿ ಮಾಡಿಕೊಂಡ ಮೇಲೇ ದುಡ್ಡು ಕೊಟ್ಟೆ. ರಿಮ್ಮಿನ ಹಿಂಭಾಗದಲ್ಲಿ ಅಚ್ಚಾಗಿರುವ ಅಗಲ, ಆಫ್‌ಸೆಟ್ (ಅಂದರೆ ರಿಮ್ಮಿನ ಅಗಲದ ನಡುಗೆರೆಯಿಂದ ಅದು ಕಾರಿಗೆ ಕೂರುವ ಮುಖಕ್ಕಿರುವ ದೂರ) ಎರಡನ್ನೂ ಕಾರಿನ ಪುಸ್ತಕದ ಜೊತೆ ಹೋಲಿಸಿದೆ. ಬೋಲ್ಟ್ ಕೂಡ ಆ ರಿಮ್ಮಿನದೇ ಇರಬೇಕು. ತಲೆಯ ಕೆಳಗಿನ ಆಕಾರ ಬೇರೆಯಾದರೆ ಸರಿಯಾಗಿ ಕೂರುವುದಿಲ್ಲ. ಇನ್ನೊಂದು ಮಾತು. ಇದೇ ಮಾಡೆಲ್‌ನಲ್ಲಿ ದೊಡ್ಡ ಇಂಜಿನ್ ಇದ್ದರೆ ಬ್ರೇಕ್ ಕೂಡ ದೊಡ್ಡದಿರುತ್ತದೆ, 17ರ ರಿಮ್ ಅದಕ್ಕೆ ತಾಗಬಹುದು. ನನ್ನದಕ್ಕೆ ಆ ತೊಂದರೆ ಇರಲಿಲ್ಲ. ಟೈರ್ ಮಾತ್ರ ಹೊಸದೇ ಹಾಕಿಸಿದೆ. 97 ಅಂತ ಬರೆದಿರುವುದನ್ನು ನೋಡಿ ತಗೊಂಡೆ, ಅಂದರೆ ಒಂದು ಟೈರ್ 730 ಕಿಲೋ ಹೊರುತ್ತದೆ. ಗಾಳಿ ಎಷ್ಟು ಅನ್ನೋದು ಡ್ರೈವರ್ ಬಾಗಿಲಿನ ಕಂಬದ ಮೇಲಿನ ಸ್ಟಿಕ್ಕರಿನಲ್ಲೇ ಇತ್ತು. ನೂರು ಕಿಲೋಮೀಟರ್ ಓಡಿಸಿದ ಮೇಲೆ ಬೋಲ್ಟ್‌ಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಿದೆ.

ಕಳೆದುಕೊಂಡದ್ದೂ ಇದೆ. ಸ್ಟೇರಿಂಗ್ ಮೊದಲಿನಷ್ಟು ಚುರುಕಿಲ್ಲ. ವೀಲ್ ಸಣ್ಣದಾಗಿ ಕಾಣುತ್ತೆ ಅಂತ ಮಗ ಈಗಲೂ ಹೇಳುತ್ತಾನೆ, ಅದು ನಿಜವೇ. ನೋಟವೂ ಮುಖ್ಯ ಅನ್ನುವವರಿಗೆ ನಾನು 18 ಇಂಚು ಹೇಳುತ್ತೇನೆ. ಈ ಕಾರಿಗೆ ಕಂಪನಿಯೇ ಒಪ್ಪಿದ 245/45ರಲ್ಲಿ ಬದಿಯ ಎತ್ತರ 110 ಮಿ.ಮೀ. ಇದೆ. ಕಂಪನಿ ಒಪ್ಪದ ಅಳತೆಗೆ ಮಾತ್ರ ಕೈ ಹಾಕಬೇಡಿ. ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸುವುದನ್ನು ತಡೆಯುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, ವಿಮೆಯ ತಕರಾರೂ ಬರಬಹುದು.

ವೀಲ್ ಬದಲಿಸಿದ ಮೇಲೆ ಮೊದಲ ಸಲ ಘಾಟಿ ಇಳಿಯುವಾಗ ನಾನು ಕನ್ನಡಿಯಲ್ಲಿ ಅಮ್ಮನನ್ನೇ ನೋಡುತ್ತಿದ್ದೆ. ಡಬ್ಬಿ ತೆರೆದು, ತೊಡೆಯ ಮೇಲಿಟ್ಟುಕೊಂಡು, ಎಲೆಗೆ ಸುಣ್ಣ ಹಚ್ಚುತ್ತಿದ್ದರು.

19ರ ಸೆಟ್ ಹೋದ ತಿಂಗಳು ಮಾರಿದೆ. ಗುಳ್ಳೆ ಬಂದಿದ್ದ ಟೈರ್ ಯಾರ ಕೈಗೂ ಹೋಗಬಾರದು ಅಂತ ಮೊದಲೇ ಕತ್ತರಿಸಿ ಹಾಕಿದ್ದೆ.